ಸೀಬೆ ಮರದ ಜಾಗ

ನಮ್ಮ ಕ್ಲಬ್ಬಿನವರಿಗೆ ಬಣ್ಣ, ಬ್ರಷ್ಷು ಹೊಸದಲ್ಲ. ರಾಜ್ಯೋತ್ಸವ ಬಂತು ಅಂದ್ರೆ ಹತ್ತು ಅಡಿ ಬಟ್ಟೆಯ ಮೇಲೆ ಭುವನೇಶ್ವರಿ, ಹಿಂದೆ ಜೋಗದ ನಾಲ್ಕು ಧಾರೆ, ಪಕ್ಕದಲ್ಲಿ ಹಂಪಿಯ ಕಲ್ಲಿನ ರಥ, ಇಷ್ಟನ್ನೂ ಕಣ್ಣು ಮುಚ್ಚಿಕೊಂಡು ಬರೀತೀವಿ. ಆದರೆ ಆ ಚಿತ್ರವನ್ನ ಜನ ನೋಡೋದು ಮೂರು ಗಂಟೆ. ಅದೂ ಮುಂದೆ ಕುಣಿಯುವವರ ಸಂದಿಯಿಂದ. ಒಂದೇ ಚಿತ್ರವನ್ನ ಒಬ್ಬನೇ ಮನುಷ್ಯ ಆರು ವಾರ, ಬೆಳಗ್ಗೆಯಿಂದ ರಾತ್ರಿವರೆಗೆ, ಬೇರೆ ಗತಿಯಿಲ್ಲದೆ ನೋಡಬೇಕು ಅಂತಾದ್ರೆ ಅದು ಹೇಗಿರಬೇಕು? ಹೋದ ಸೆಮಿಸ್ಟರಿನಲ್ಲಿ ನಮಗೆ ಸಿಕ್ಕ ಪ್ರಶ್ನೆ ಇದು. ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ.

ನಾವು ಅಂದ್ರೆ ನಾಲ್ಕು ಜನ. ಇಬ್ಬರು ಸಿವಿಲ್, ಒಬ್ಬ ಇಲೆಕ್ಟ್ರಿಕಲ್, ಒಬ್ಬಳು ಕಂಪ್ಯೂಟರ್ ಸೈನ್ಸ್. ನೋಡಬೇಕಾಗಿದ್ದವನು ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ದೋಸೆ ಹುಯ್ಯುವ ಅಣ್ಣನ ಮಗ. ಒಂದನೇ ಕ್ಲಾಸು. ಭಾನುವಾರ ಅಪ್ಪನ ಜೊತೆ ಬಂದು ಕೌಂಟರ್ ಹಿಂದೆ ಸ್ಟೂಲ್ ಹಾಕ್ಕೊಂಡು ಕೂತು, ಮೂರನೇ ಸಲ ದೋಸೆಗೆ ಬಂದವರ ಲೆಕ್ಕವನ್ನ ಇಡೀ ಮೆಸ್ಸಿಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದನಲ್ಲ, ಅವನೇ. ನಿಮ್ಮಲ್ಲಿ ಅರ್ಧ ಜನರಿಗೆ ಅವನ ಪರಿಚಯ ಹೀಗೇ ಆಗಿರತ್ತೆ.

ಗಣೇಶನ ಹಬ್ಬ ಕಳೆದ ವಾರ ಅವನು ಮನೆ ಹಿಂದಿನ ಸೀಬೆ ಮರ ಹತ್ತಿದ. ಅಡ್ಡಕ್ಕೆ ಚಾಚಿಕೊಂಡಿದ್ದ ಕೊಂಬೆಯ ತುದಿಗೆ ಹೋಗಿ ಹಣ್ಣಿಗೆ ಕೈ ಹಾಕಿದಾಗ ಕೆಂಜಿಗ ಕಚ್ಚಿತು, ಎರಡೂ ಕೈ ಬಿಟ್ಟ. ತೊಡೆ ಮೂಳೆ ಮುರಿಯಿತು. ಚಿಕ್ಕ ಮಕ್ಕಳಿಗೆ ತೊಡೆ ಮುರಿದರೆ ಹಾಕುವ ಪ್ಲಾಸ್ಟರಿಗೆ ಹಿಪ್ ಸ್ಪೈಕಾ ಅಂತ ಹೆಸರು. ನಾವು ಅದನ್ನ ನೋಡಿರಲಿಲ್ಲ. ಹೊಟ್ಟೆಯಿಂದ ಶುರುವಾಗಿ ಮುರಿದ ಕಾಲಿನ ಪಾದದ ತನಕ, ಇನ್ನೊಂದು ಕಾಲಿಗೆ ಮಂಡಿ ತನಕ, ಪೂರ್ತಿ ಬಿಗಿ. ಎರಡು ಕಾಲಿನ ನಡುವೆ ಅಗಲಕ್ಕೆ ಒಂದು ಕೋಲು. ನಮ್ಮ ಸಿವಿಲ್ಲಿನವರಿಗೆ ಅದು ನೋಡಿದ ಕೂಡಲೇ ಅರ್ಥವಾಯ್ತು, ತ್ರಿಕೋನ ಅಲುಗಾಡಲ್ಲ ಅಷ್ಟೇ. (ಆದರೆ ಆ ಕೋಲನ್ನ ಹಿಡಿದು ಮಗುವನ್ನ ಎತ್ತಬಾರದು ಅಂತ ನರ್ಸ್ ಬರೋವರಿಗೆಲ್ಲ ಹೇಳ್ತಿದ್ದರು. ನೋಡಿದರೆ ಹಿಡಿಕೆಯ ಹಾಗೇ ಇರತ್ತೆ.) ಮೊದಲು ಹತ್ತು ದಿನ ಆಸ್ಪತ್ರೆಯಲ್ಲಿ ತೂಕ ಕಟ್ಟಿ ಕಾಲು ಎಳೆದಿಡೋದು, ಆಮೇಲೆ ಸ್ಪೈಕಾ, ಆಮೇಲೆ ಮನೆಯಲ್ಲಿ ಆರು ವಾರ ಮಲಗಿರೋದು. ಹಾಗಂತ ಡಾಕ್ಟರ್ ಹೇಳಿದ್ದರು.

ಮನೆಯಲ್ಲಿ ಅವನ ಕೋಣೆ ಅಂದ್ರೆ ಹತ್ತಡಿ ಅಗಲ, ಹತ್ತಡಿ ಉದ್ದ. ಕಿಟಕಿ ಒಂದೇ. ಅದು ತೆರೆದರೆ ಮೂರಡಿ ಆಚೆ ಪಕ್ಕದ ಮನೆಯ ಪ್ಲಾಸ್ಟರಿಂಗ್ ಕಾಣದ ಸಿಮೆಂಟ್ ಬ್ಲಾಕಿನ ಗೋಡೆ. ಅಣ್ಣ ಬೆಳಗ್ಗೆ ನಾಲ್ಕೂವರೆಗೆ ಮೆಸ್ಸಿಗೆ ಬರಬೇಕು. ಅಕ್ಕ ಗಾರ್ಮೆಂಟ್ ಕೆಲಸಕ್ಕೆ ಆಗಲೇ ರಜ ಹಾಕಿ ಮುಗಿದಿತ್ತು, ಹಗಲು ಅಜ್ಜಿ ಒಬ್ಬರೇ. ಅಣ್ಣ ಒಂದು ರಾತ್ರಿ ಮೆಸ್ಸಿನ ಬಾಗಿಲು ಹಾಕುವಾಗ ಬಂದು ಕೇಳಿದ್ದು ಇಷ್ಟೇ: "ನೀವು ಬಣ್ಣ ಬರಿಯೋರಲ್ವಾ, ಅವನ ಕೋಣೆ ಗೋಡೆ ಮೇಲೆ ಏನಾದ್ರೂ ಗಿಡ ಮರ ಬರ್ದುಕೊಡ್ತೀರಾ?" ಎರಡನೇ ಇಂಟರ್ನಲ್ಸಿಗೆ ಹದಿನಾರು ದಿನ ಇತ್ತು. ಆಯ್ತಣ್ಣ ಅಂದ್ವಿ.

ಅವತ್ತು ರಾತ್ರಿ ಮಕ್ಕಳ ಕೋಣೆಯ ಗೋಡೆ ಚಿತ್ರಗಳನ್ನ ಹುಡುಕಿ ಹುಡುಕಿ ನೋಡಿದ್ವಿ. ನೂರಾರು ಇವೆ, ಚೆನ್ನಾಗೂ ಇವೆ. ಪೈನ್ ಮರ, ಮಂಜು ಮುಸುಕಿದ ನೀಲಿ ಬೆಟ್ಟ, ನರಿ ಬಣ್ಣದ ನರಿ, ಬಿಳಿ ಚುಕ್ಕಿಯ ಕೆಂಪು ಅಣಬೆ, ಕೊಂಬಿನ ಮೇಲೆ ಹೂವಿಟ್ಟುಕೊಂಡ ಜಿಂಕೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೇ, ಹುಬ್ಬಳ್ಳಿಯ ಪ್ಲೇ ಸ್ಕೂಲಿನಲ್ಲೂ ಇದೇ. ನಮ್ಮ ಮಕ್ಕಳು ಮಲಗಿ ಏಳೋದು ಯಾವುದೋ ಹಿಮ ಬೀಳುವ ದೇಶದ ಕಾಡಿನಲ್ಲಿ. ತಪ್ಪು ಅಂತ ಅಲ್ಲ. ಆದರೆ ಆ ಕಾಡಿನಲ್ಲಿ ಯಾವ ಮಗುವೂ ಯಾವ ಮರದಿಂದಲೂ ಬೀಳಲ್ಲ, ಯಾವ ಇರುವೆಯೂ ಕಚ್ಚಲ್ಲ. ಅದನ್ನ ಆರು ವಾರ ನೋಡಿ ಏನು ಮಾಡೋದು ಅನ್ನೋದೇ ನಮಗೆ ತೋಚಲಿಲ್ಲ. ಹುಡುಗನನ್ನೇ ಕೇಳೋಣ ಅಂತ ಮಾರನೇ ದಿನ ಆಸ್ಪತ್ರೆಗೆ ಹೋದ್ವಿ.

ಅವನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ನಮ್ ಸೀಬೆ ಮರ," ಅಂದ. ಆಮೇಲೆ ಪಟ್ಟಿ ಹೇಳುತ್ತಾ ಹೋದ. ಹಣ್ಣು ಕಚ್ಚಿ ಬಿಸಾಕುವ ಗಿಳಿ, ಅಳಿಲು, ಕಾಗೆ, ಮೋಟರ್ ಮನೆ ಹತ್ತಿರ ಬರುವ ಮುಂಗುಸಿ, ಮಳೆ ಬಂದಾಗ ಬಚ್ಚಲ ಹತ್ತಿರ ಹತ್ತುವ ಬಸವನಹುಳು, ಕರೆಂಟ್ ಕಂಬ. ಕಚ್ಚಿದ ಇರುವೆ ಬೇಕಾ ಅಂತ ಕೇಳಿದ್ದಕ್ಕೆ, "ಹೂಂ, ಅದೂ ಬೇಕು, ಗೂಡು ಸಮೇತ" ಅಂದ. ಕಾಲಿಗೆ ಕಟ್ಟಿದ ತೂಕ ಮಂಚದ ತುದಿಯಲ್ಲಿ ಸಣ್ಣಗೆ ಅಲ್ಲಾಡುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಅಕ್ಕ ಏನೂ ಮಾತಾಡಲಿಲ್ಲ. ನಾವು ಹೊರಡುವಾಗ ಕಾರಿಡಾರ್ ತನಕ ಬಂದು ಹೇಳಿದರು: "ಏನ್ ಬೇಕಾದ್ರೂ ಬರೀರಿ. ಆ ಮರ ಒಂದು ಬೇಡ. ನಾನು ಓನರಿಗೆ ಹೇಳಿದೀನಿ, ಅದನ್ನ ಬುಡ ಸಮೇತ ತೆಗೆಸ್ತಾರೆ." ಬಿದ್ದಾಗ ಮೊದಲು ಓಡಿ ಹೋಗಿ ಎತ್ತಿಕೊಂಡಿದ್ದು ಅವರೇ ಅಂತ ಆಮೇಲೆ ಅಣ್ಣ ಹೇಳಿದರು. ಕಾಲು ನೇತಾಡುತ್ತಿತ್ತಂತೆ. ಅಂಥ ದೃಶ್ಯ ಕಂಡವರ ಎದುರು ನಾವು ವಾದ ಮಾಡೋಕೆ ಯಾರು? ಬಸ್ಸಿನಲ್ಲಿ ವಾಪಸ್ ಬರುವಾಗ ನಾಲ್ವರಲ್ಲಿ ಇಬ್ಬರು ಹುಡುಗನ ಕಡೆ, ಇಬ್ಬರು ಅಮ್ಮನ ಕಡೆ. ಇಳಿಯುವಷ್ಟರಲ್ಲಿ ಪಕ್ಷ ಬದಲಾಗಿ ಮತ್ತೆ ಇಬ್ಬರು, ಇಬ್ಬರು. ಗೋಡೆ ಕೆಲಸವನ್ನಾದರೂ ಶುರು ಮಾಡೋಣ, ಮರದ ಮಾತು ಆಮೇಲೆ ನೋಡೋಣ ಅಂತ ಬಿಟ್ವಿ.

ಬಾಡಿಗೆ ಮನೆ. ಓನರ್ ಸಾಧು ಮನುಷ್ಯ, ಒಂದೇ ಷರತ್ತು: ಬಿಡುವಾಗ ಗೋಡೆ ಬೆಳ್ಳಗಿರಬೇಕು. ಅಷ್ಟು ಕಷ್ಟಪಟ್ಟು ಬರೆದು ಒಂದು ದಿನ ಸುಣ್ಣ ಬಳಿಯೋದಾ ಅಂತ ಇಲೆಕ್ಟ್ರಿಕಲ್ಲಿನವನು ಗೊಣಗಿದ. ಸಾಗರದ ಕಡೆಯವಳು ನಕ್ಕಳು. ಅವರ ಕಡೆ ದೀವರ ಮನೆಗಳಲ್ಲಿ ಹೆಂಗಸರು ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಷ್ಷು ಅಂದ್ರೆ ಪುಂಡಿ ನಾರು. ಒಂದು ಕೂದಲೆಳೆಯಷ್ಟು ಗೆರೆ ಅಲುಗಾಡದೆ ಎಳೀತಾರೆ. ಮದುವೆಗೆ ಬರೆದದ್ದು ಮಸುಕಾಗತ್ತೆ, ಮತ್ತೆ ಮಣ್ಣು ಸಾರಿಸ್ತಾರೆ, ಮತ್ತೆ ಬರೀತಾರೆ. "ನಮ್ಮಜ್ಜಿ ಯಾವತ್ತೂ ಹಳೇ ಚಿತ್ತಾರಕ್ಕೆ ಅತ್ತಿದ್ದು ನಾನು ನೋಡಿಲ್ಲ," ಅಂದಳು. ಆ ಮಾತು ಅಲ್ಲಿಗೇ ನಿಂತಿತು.

ಗೋಡೆ ವಿಷಯಕ್ಕೆ ಬಂದರೆ, ನಿಮ್ಮಲ್ಲಿ ಯಾರಾದರೂ ತಮ್ಮಂದಿರ ಕೋಣೆಗೆ ಬಣ್ಣ ಹಚ್ಚುವ ಯೋಚನೆಯಲ್ಲಿದ್ದರೆ ಇದನ್ನ ಕೇಳಿಸ್ಕೊಳ್ಳಿ. ಚಿತ್ರ ಬರೆಯೋದು ಕೊನೇ ಮೂರು ದಿನದ ಕೆಲಸ. ಮೊದಲಿನ ನಾಲ್ಕು ದಿನ ಕೆರೆಯೋದು, ತೊಳೆಯೋದು, ಕಾಯೋದು. ಅಂಗೈಯಿಂದ ಉಜ್ಜಿದರೆ ಕೈಗೆ ಬಿಳಿ ಪುಡಿ ಬಂತು. ಹಳೇ ಡಿಸ್ಟೆಂಪರ್. ಅದರ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಅದು ಗೋಡೆಗಲ್ಲ, ಪುಡಿಗೆ ಅಂಟಿಕೊಳ್ಳತ್ತೆ, ಒಂದು ಮಳೆಗಾಲಕ್ಕೆ ಸಿಪ್ಪೆ ಎದ್ದು ಬರತ್ತೆ. ಹಾಗಾಗಿ ಪೂರ್ತಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಪ್ರೈಮರ್. ಬಚ್ಚಲಿನ ಕಡೆ ಮೂಲೆಯಲ್ಲಿ ತೇವದ ಅನುಮಾನ ಇತ್ತು. ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಟ್ವಿ. ಬಿಚ್ಚಿದಾಗ ಒಳಮೈಗೆ ಹನಿ. ಅಂದ್ರೆ ತೇವ ಗೋಡೆಯೊಳಗಿಂದ ಬರ್ತಿದೆ. ಅಲ್ಲಿ ಎಮಲ್ಷನ್ ಹಾಕಿ ನೀರಿನ ದಾರಿ ಮುಚ್ಚುವುದಕ್ಕಿಂತ ಉಸಿರಾಡುವ ಸುಣ್ಣವೇ ಸರಿ ಅಂತ ಆ ಮೂಲೆಗೆ ಸುಣ್ಣಕ್ಕೆ ಕೆಮ್ಮಣ್ಣು ಕಲಸಿ ಬಳಿದ್ವಿ. ಚಿತ್ರದಲ್ಲಿ ಅದು ಹೇಗೂ ನೆಲ.

ಬಣ್ಣ ನೀರಿನಲ್ಲಿ ಕಲಸುವಂಥದ್ದೇ ಆಗಬೇಕು ಅನ್ನೋದರಲ್ಲಿ ಚರ್ಚೆ ಇರಲಿಲ್ಲ. ಎಣ್ಣೆ ಬಣ್ಣದ ದ್ರಾವಕದ ವಾಸನೆಯಲ್ಲಿ ಎದ್ದು ಆಚೆ ಹೋಗಲಾರದ ಮಗುವನ್ನ ಮಲಗಿಸೋ ಹಾಗಿಲ್ಲ. ಕಿಟಕಿ ಸರಳುಗಳಿಗಿದ್ದ ಹಳೇ ಹಸಿರು ಎನಾಮೆಲ್ಲನ್ನ ಮರಳು ಕಾಗದದಿಂದ ಉಜ್ಜದೆ ಹಾಗೇ ಬಿಟ್ವಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಸರಳುಗಳ ಬಣ್ಣ ಅದಕ್ಕಿಂತ ತುಂಬಾ ಹಳೇದು. ಅದರ ಪುಡಿ ಕೋಣೆ ತುಂಬಾ ಹಾರೋದು ಬೇಡ.

ಮಂಚವನ್ನ ಅದು ಇರಬೇಕಾದ ಜಾಗದಲ್ಲೇ ಇಟ್ಟು ನಾವು ಒಬ್ಬೊಬ್ಬರಾಗಿ ಮಲಗಿ ನೋಡಿದ್ವಿ. ಇದು ಇಡೀ ಕೆಲಸದಲ್ಲಿ ನಮಗೆ ತುಂಬಾ ಇಷ್ಟವಾದ ಭಾಗ. ನಿಂತವನಿಗೆ ಕಾಣುವ ಗೋಡೆಯೇ ಬೇರೆ, ಅಂಗಾತ ಮಲಗಿದವನಿಗೆ ಕಾಣುವ ಗೋಡೆಯೇ ಬೇರೆ. ಕಣ್ಣಿನ ಎತ್ತರ ನೆಲದಿಂದ ಎರಡೂಕಾಲು ಅಡಿ. ಎದುರಿನ ಗೋಡೆ ಏಳಡಿ ದೂರ. ನಡುವೆ ಪ್ಲಾಸ್ಟರ್ ಹಾಕಿದ ಕಾಲುಗಳು ಗುಡ್ಡದ ಹಾಗೆ ಅಡ್ಡ. ಕಾಲಿನ ಜಾಗಕ್ಕೆ ದಿಂಬು ಪೇರಿಸಿ, ದಾರ ಹಿಡಿದು ನೋಡಿದಾಗ ಗೋಡೆಯ ಕೆಳಗಿನ ಮೂರಡಿ ಕಾಣೋದೇ ಇಲ್ಲ ಅಂತ ಗೊತ್ತಾಯ್ತು. ಅಲ್ಲಿ ಬರೀ ಹುಲ್ಲು, ಮಣ್ಣು ಸಾಕು. ಉಳಿದದ್ದು ಹತ್ತಡಿ ಅಗಲ, ಆರಡಿ ಎತ್ತರ. ಮನುಷ್ಯನ ಕಣ್ಣು ಒಂದು ಸಲಕ್ಕೆ ನಿಚ್ಚಳವಾಗಿ ನೋಡೋದು ಸುಮಾರು ಎರಡು ಡಿಗ್ರಿಯಷ್ಟನ್ನ ಮಾತ್ರ. ಏಳಡಿ ದೂರದಲ್ಲಿ ಅದು ಮೂರಿಂಚು. ಅಂದ್ರೆ ಆ ಗೋಡೆ ಮೇಲೆ ಮೂರಿಂಚಿನ 960 ಚೌಕ. 42 ದಿನಕ್ಕೆ ಹಂಚಿದರೆ ದಿನಕ್ಕೆ 23ರ ಹತ್ತಿರ. ಈ ಲೆಕ್ಕಕ್ಕೆ ಯಾರೂ ಮಾರ್ಕ್ಸ್ ಕೊಡಲ್ಲ, ಆದರೆ ನಮಗೆ ದಾರಿ ಕಂಡಿದ್ದು ಇದರಿಂದಲೇ. ದೊಡ್ಡ ಚಿತ್ರ ಒಂದು ಗಂಟೆಗೆ ಮುಗಿದುಹೋಗತ್ತೆ. ಮೂರಿಂಚಿನ ಒಳಗೆ ಹುಡುಕಿದರೆ ಸಿಗುವಂಥವು ಬೇಕು, ಮತ್ತೆ ಅವು ತುಂಬಾ ಇರಬೇಕು.

ಇನ್ನೊಂದು ಸಂಗತಿ ಅಜ್ಜಿಯಿಂದ ಗೊತ್ತಾಯ್ತು. ಬೆನ್ನು ಹುಣ್ಣಾಗದಿರಲು ಅವನನ್ನ ಕೆಲವು ಗಂಟೆಗೊಮ್ಮೆ ಬೋರಲು ಮಲಗಿಸಬೇಕಂತೆ. ಆಗ ಮುಖ ಪಕ್ಕದ ಗೋಡೆಗೆ. ಅಲ್ಲಿ ಹಾಸಿಗೆಯ ಮಟ್ಟದಲ್ಲಿ ಒಂದಡಿ ಎತ್ತರದ ಪಟ್ಟಿ ಒಂದನ್ನ ಬೇರೆಯಾಗಿ ಬರೆದ್ವಿ. ಎರೆಹುಳು, ಸಾವಿರ ಕಾಲಿನ ಹುಳು, ಅವನು ಹೇಳಿದ ಬಸವನಹುಳು ತನ್ನ ಲೋಳೆ ಗೆರೆ ಸಮೇತ. ಮೂಗಿನಿಂದ ಒಂದೂವರೆ ಅಡಿ ದೂರಕ್ಕೆ ಎಲ್ಲವೂ ಬೆರಳುಗುರಿನಷ್ಟು.

ಇದರಿಂದೆಲ್ಲ ಏನಾದರೂ ಪ್ರಯೋಜನ ಉಂಟಾ ಅಂತ ನಮ್ಮಲ್ಲೇ ಒಬ್ಬ ಕೇಳದೆ ಬಿಡಲಿಲ್ಲ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಬಂಧ ಒಂದಿದೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಗೆ ಮರ, ಇನ್ನರ್ಧ ಜನರ ಕಿಟಕಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಜೋರು ನೋವಿನ ಮದ್ದು ಕಡಿಮೆ ಕೇಳಿದರು. ಚೆಂದದ ಫಲಿತಾಂಶ. ಆದರೆ 46 ಜನ ಸಣ್ಣ ಸಂಖ್ಯೆ, ಮತ್ತೆ ಅವರು ನೋಡಿದ್ದು ನಿಜವಾದ ಮರ. ಗೋಡೆಗೆ ಬಳಿದ ಮರಕ್ಕೆ ಮೂಳೆ ಬೇಗ ಕೂಡತ್ತೆ ಅಂತ ನಾವೇನೂ ನಂಬಿಕೊಂಡು ಬಣ್ಣ ಕಲಸಲಿಲ್ಲ. ಅವನಿಗೆ ಹೊತ್ತು ಹೋದರೆ ಸಾಕಿತ್ತು.

ಬರೆಯೋಕೆ ಕೂತಾಗ ಲೈಬ್ರರಿಯಿಂದ ತೇಜಸ್ವಿಯವರ 'ಹಕ್ಕಿ ಪುಕ್ಕ' ತಂದು ಪಕ್ಕದಲ್ಲಿಟ್ಕೊಂಡ್ವಿ. ಪಿಕಳಾರದ ಬಾಲದ ಬುಡದ ಕೆಂಪು, ಕುಟ್ರು ಹಕ್ಕಿಯ ಕೊಕ್ಕಿನ ಮೀಸೆ ಎಲ್ಲ ನೋಡಿ ಬರೆದದ್ದು. ಕನ್ನಡ ಸಂಘದವರಾದ ಮೇಲೆ ನಮ್ಮ ರಾಜ್ಯ ಪಕ್ಷಿ ನೀಲಕಂಠ ಬೇಡವಾ? ಅದು ದಟ್ಟ ಮರದೊಳಗೆ ಕೂರುವ ಹಕ್ಕಿಯಲ್ಲ, ಬಯಲಿನ ತಂತಿ ಮೇಲೆ ಕೂತು ಕೆಳಗೆ ಹುಳ ಕಾಯುವಂಥದ್ದು. ಹುಡುಗ ಕೇಳಿದ ಕರೆಂಟ್ ಕಂಬ ಇದಕ್ಕೆ ಸರಿಯಾಯ್ತು. ಇಲೆಕ್ಟ್ರಿಕಲ್ಲಿನವನು ಆ ಕಂಬಕ್ಕೆ ಒಂದಿಡೀ ಸಂಜೆ ತಗೊಂಡ. ಪಿನ್ ಇನ್ಸುಲೇಟರಿನ ಬಳೆಗಳನ್ನೂ ಬಿಡಲಿಲ್ಲ. ಮಾವಿನ ಎಲೆಯೊಂದರ ಮೇಲೆ ಬ್ಯಾರನ್ ಚಿಟ್ಟೆಯ ಮರಿಹುಳು: ಅದರ ಬೆನ್ನ ಗೆರೆ ಎಲೆಯ ನಡುನರದ ಜೊತೆ ಸೇರಿಹೋಗುವ ಹಾಗೆ ಕೂತಿರತ್ತೆ, ನಿಜವಾದ ಮರದಲ್ಲೂ ಕಾಣಲ್ಲ, ನಮ್ಮ ಗೋಡೆಯಲ್ಲೂ ಕಾಣಬಾರದು ಅನ್ನೋದು ನಮ್ಮ ಹಟ. ಎರಡು ಎಲೆ ಸೇರಿಸಿ ಹೊಲಿದ ದರ್ಜಿ ಹಕ್ಕಿಯ ಗೂಡು. ಮತ್ತೆ ಆ ಕೆಂಜಿಗ. ಮಲೆನಾಡಿನವರು ಚಗಳಿ ಅಂತಾರೆ, ಚಟ್ನಿ ಅರೆದು ತಿಂತಾರೆ. ಎಲೆಗಳನ್ನ ಸಾಲಾಗಿ ನಿಂತು ಎಳೆದು ಹಿಡಿದು, ತಮ್ಮ ಮರಿಹುಳುಗಳ ಬಾಯಿಂದ ಬರುವ ರೇಷ್ಮೆಯಲ್ಲಿ ಹೊಲಿಯುವ ಇರುವೆ ಅದು. ಮರಿಯನ್ನೇ ಸೂಜಿ ದಾರ ಮಾಡ್ಕೊಳ್ಳೋ ಇಂಜಿನಿಯರುಗಳು. ಅಷ್ಟೊಂದು ಕೆಲಸದ ನಡುವೆ ಒಬ್ಬ ಹುಡುಗ ಬಂದು ಕೈ ಹಾಕಿದರೆ ಕಚ್ಚದೆ ಏನು ಮಾಡತ್ತೆ ಅಂತ ಸಾಗರದವಳ ವಾದ.

ಬಣ್ಣದ ಲೆಕ್ಕ ಹೇಳೋದಾದ್ರೆ, ಬಿಳಿ ಎಮಲ್ಷನ್ನಿಗೆ ಸ್ಟೈನರ್ ಬೆರೆಸಿದರೆ ತಿಳಿ ಬಣ್ಣಗಳು ಚೆನ್ನಾಗಿ ಬರ್ತವೆ. ಗಾಢ ಹಸಿರು ಬೇಕು ಅಂತ ಬಾಟಲಿ ಸುರಿದರೆ ಬರಲ್ಲ. ಬಿಳಿಯಲ್ಲಿರುವ ಟೈಟಾನಿಯಂ ಡೈ ಆಕ್ಸೈಡ್ ಎಲ್ಲವನ್ನೂ ತೆಳು ಮಾಡತ್ತೆ. ಕಡುಬಣ್ಣಗಳಿಗೆ ಅಕ್ರಿಲಿಕ್ ಟ್ಯೂಬುಗಳನ್ನೇ ಬಳಸಿದ್ವಿ. ಒಟ್ಟು ಖರ್ಚು 1,860 ರೂಪಾಯಿ, ಅದರಲ್ಲಿ ಅಣ್ಣ ಕೊಡೋಕೆ ಬಂದಿದ್ದು ಪೂರ್ತಿ, ನಾವು ತಗೊಂಡಿದ್ದು ಮಧ್ಯರಾತ್ರಿಯ ದೋಸೆ.

ಎಲ್ಲ ಹೀಗೆ ತುಂಬುತ್ತಾ ಬಂದ ಹಾಗೆ ಎಡಕ್ಕೆ ಒಂದು ಜಾಗ ಹಾಗೇ ಬೆಳ್ಳಗೆ ಉಳೀತು. ಸೀಬೆ ಮರದ ಜಾಗ. ಬರೆಯೋಕೆ ಅಮ್ಮನ ಒಪ್ಪಿಗೆ ಇಲ್ಲ, ಅಲ್ಲಿ ಬೇರೆ ಏನನ್ನಾದರೂ ಬರೆಯೋಕೆ ನಮಗೆ ಮನಸ್ಸಿಲ್ಲ. ಸುತ್ತ ಎಲೆ, ಆಕಾಶ, ಕಂಬ ಬಂದದ್ದರಿಂದ ಬಿಟ್ಟ ಜಾಗವೇ ಮರದ ಆಕಾರಕ್ಕೆ ಬಂದುಬಿಟ್ಟಿತ್ತು. ಗಿಳಿಗಳು ಆ ಬಿಳಿಯ ಅಂಚಿನಲ್ಲಿ ಗಾಳಿಯಲ್ಲಿ ಕೂತಿದ್ದವು.

ಎಂಟನೇ ದಿನ ಸಂಜೆ ಅಕ್ಕ ಬಟ್ಟೆ ಒಯ್ಯೋಕೆ ಮನೆಗೆ ಬಂದರು. ಕೋಣೆ ಬಾಗಿಲಲ್ಲಿ ನಿಂತು ನೋಡಿದರು. ನಾವು ಬ್ರಷ್ಷು ತೊಳೆಯುವ ನೆಪದಲ್ಲಿ ತಲೆ ಎತ್ತಲಿಲ್ಲ. ತುಂಬಾ ಹೊತ್ತಿನ ಮೇಲೆ, "ಇದಕ್ಕೆ ಯಾವ ಬಣ್ಣ ಹಾಕ್ತೀರಿ?" ಅಂದರು. ಯಾವುದಕ್ಕೆ ಅಂತ ಕೇಳುವ ಅಗತ್ಯ ಇರಲಿಲ್ಲ. ಕಂದು ಅಂದ್ವಿ. "ಸೀಬೆ ಕಂದು ಇರಲ್ಲ. ಮೇಲಿನ ಸಿಪ್ಪೆ ಹಾಳೆ ಹಾಳೆಯಾಗಿ ಎದ್ದುಹೋಗತ್ತೆ, ಒಳಗೆ ನುಣ್ಣಗೆ, ಹಸಿರು ಬೂದಿ. ಕೈಯಾಡಿಸಿದರೆ ತಣ್ಣಗಿರತ್ತೆ. ನಮ್ಮೂರ ಮನೇಲೂ ಇತ್ತು, ನಾನು ಹತ್ತುತಿದ್ದೆ." ಸ್ವಲ್ಪ ಸುಮ್ಮನಿದ್ದು, "ಬರೀರಿ. ಅವನು ಕೇಳಿದಾನಲ್ಲ. ಆ ಅಡ್ಡ ಕೊಂಬೆ ಮಾತ್ರ ಬೇಡ," ಅಂತ ಹೇಳಿ ಬ್ಯಾಗ್ ತಗೊಂಡು ಹೊರಟರು. ಅವತ್ತು ರಾತ್ರಿ ಇಬ್ಬರು ಮೊಬೈಲ್ ಟಾರ್ಚ್ ಹಿಡ್ಕೊಂಡು ಹಿತ್ತಲಿಗೆ ಹೋಗಿ ತೊಗಟೆ ನೋಡಿದ್ವಿ. ಅವರು ಹೇಳಿದ ಹಾಗೇ ಇತ್ತು, ತಣ್ಣಗೆ ಕೂಡ. ಬೆಳಗಿನ ಜಾವ ಮೂರಕ್ಕೆ ಮರ ಮುಗೀತು. ಗಿಳಿಗಳಿಗೆ ಕೂರಲು ಜಾಗ ಆಯ್ತು.

ಆಮೇಲೆ ಎರಡು ದಿನ ಕಿಟಕಿ, ಬಾಗಿಲು ತೆಗೆದಿಟ್ಟು ಫ್ಯಾನ್ ಹಾಕಿಬಿಟ್ವಿ. ಹುಡುಗ ಬಂದ. ಬಾಗಿಲಲ್ಲಿ ಅವನನ್ನ ಒಳಗೆ ತರೋದೇ ಒಂದು ಜಾಮಿತಿಯ ಸಮಸ್ಯೆಯಾಯ್ತು. ಕಾಲು ಅಗಲಿಸಿ ಕಟ್ಟಿದ್ದರಿಂದ ಓರೆ ಮಾಡಿ ತಿರುಗಿಸಿ ತರಬೇಕಾಯ್ತು. ಮಲಗಿಸಿದ ಮೇಲೆ ಅವನು ಗೋಡೆ ನೋಡಿ ಕೇಳಿದ ಮೊದಲನೇ ಪ್ರಶ್ನೆ: "ಅಡ್ಡ ಕೊಂಬೆ ಎಲ್ಲಿ?" ನಾವು ಅಕ್ಕನ ಮುಖ ನೋಡಿದ್ವಿ. "ಕಡಿಸ್ದೆ," ಅಂದರು. ನಿಜವಾಗಿಯೂ ಕಡಿಸಿದ್ದರು, ಎರಡು ದಿನದ ಹಿಂದೆ. ಆದರೆ ಬುಡ ಸಮೇತ ತೆಗೆಸಲು ಹೇಳಿದ್ದವರು ಆ ಒಂದು ಕೊಂಬೆಗೇ ನಿಲ್ಲಿಸಿದ್ದರು. ಹುಡುಗ ಅರ್ಧ ದಿನ ಮುನಿಸಿಕೊಂಡಿದ್ದನಂತೆ. ಆಮೇಲೆ ಇರುವೆ ಗೂಡು ಕಣ್ಣಿಗೆ ಬಿತ್ತು.

ಹುಡುಕಬೇಕಾದವು ಒಟ್ಟು 38 ಅಂತ ಮಾತ್ರ ಹೇಳಿದ್ವಿ, ಯಾವುದು ಅಂತ ಹೇಳಲಿಲ್ಲ. ಅಣ್ಣ ದಿನಾ ಬೆಳಗ್ಗೆ ಹಂಚಿನ ಮುಂದೆ ನಿಂತು ಸ್ಕೋರ್ ಹೇಳೋರು. ಮೊದಲ ವಾರಕ್ಕೆ 17. ಮೂರನೇ ವಾರಕ್ಕೆ 31. ಅಳಲಿಲ್ಲವಾ ಅಂದ್ರೆ ಅತ್ತ, ರಾತ್ರಿ ಪ್ಲಾಸ್ಟರ್ ಒಳಗೆ ಕೆರೆತ ಬಂದಾಗೆಲ್ಲ ಅತ್ತ, ಅದಕ್ಕೆ ಗೋಡೆ ಏನೂ ಮಾಡಲಿಲ್ಲ. ಮರಿಹುಳು ಸಿಕ್ಕಿದ್ದು ಮೂವತ್ತೆಂಟನೇ ದಿನ, ಅದನ್ನೂ ಅಜ್ಜಿ ತೋರಿಸಿದ್ದು. ಕೊನೆಗೆ ಅವನ ಲೆಕ್ಕ 39ಕ್ಕೆ ನಿಂತಿತು. ಒಂದು ಹೆಚ್ಚು ಹೇಗೆ ಅಂತ ಹೋಗಿ ನೋಡಿದರೆ, ಟ್ಯೂಬ್‌ಲೈಟ್ ಪಟ್ಟಿಯ ಹಿಂದಿನಿಂದ ಇಳಿದು ನಮ್ಮ ಕಂಬದ ಮೇಲೆ ಕೂರುತ್ತಿದ್ದ ಹಲ್ಲಿಯನ್ನೂ ಸೇರಿಸಿದ್ದ. ಅದು ನಿಮ್ಮದಲ್ಲ ಅಂದ್ರೂ ಒಪ್ಪಲಿಲ್ಲ.

ಪ್ಲಾಸ್ಟರ್ ತೆಗೆದಿದ್ದಾರೆ. ಕಾಲು ಸಣ್ಣಗಾಗಿದೆ, ಈಗ ಗೋಡೆ ಹಿಡ್ಕೊಂಡು ನಡೀತಾನೆ. ಸೀಬೆ ಕಾಂಡದ ಮೇಲೆ ಮೂರಡಿ ಎತ್ತರದಲ್ಲಿ ಕೈ ಕೊಳೆ ಆಗಿದೆ. ಮೇ ತಿಂಗಳಿಗೆ ಅವರು ಮನೆ ಬದಲಾಯಿಸ್ತಾರಂತೆ. ಗೋಡೆ ಬೆಳ್ಳಗೆ ಮಾಡಿಕೊಡೋದಕ್ಕೆ ನಾವೇ ಹೋಗ್ತೀವಿ ಅಂತ ಹೇಳಿದೀವಿ. ಹೋದ ವಾರ ಅಕ್ಕ ಮೆಸ್ಸಿನ ಹತ್ತಿರ ಸಿಕ್ಕಾಗ ಆ ತೊಗಟೆಯ ಬಣ್ಣ ಏನೇನು ಕಲಸಿದ್ದು ಅಂತ ಕೇಳಿ, ಅಣ್ಣನ ತರಕಾರಿ ಚೀಟಿಯ ಹಿಂದೆ ಬರೆಸಿಕೊಂಡರು. ಅರ್ಧ ಲೀಟರ್ ಬಿಳಿಗೆ 10 ಎಂ.ಎಲ್. ಯೆಲ್ಲೋ ಆಕ್ಸೈಡ್, 6 ಎಂ.ಎಲ್. ಹಸಿರು, ಕಪ್ಪು ನಾಲ್ಕು ಹನಿ. ಎದ್ದ ಸಿಪ್ಪೆಗೆ ಮಾತ್ರ ಬರ್ನ್ಟ್ ಸಿಯೆನ್ನಾ, ನೀರು ಹಾಕದೆ, ಒಣ ಬ್ರಷ್ಷಿನಲ್ಲಿ.